ಕ್ಲಚ್ಚು, ಗೇರು ಮತ್ತು ಕೋಣಗಳು ಎಳೆದ ಕಲ್ಲು

ನಮ್ಮ ರಾಯಚೂರು ಕೋಟೆ ಗೋಡೆಯಲ್ಲಿ ಸುಮಾರು 41 ಅಡಿ ಉದ್ದದ ಒಂದೇ ಕಲ್ಲಿದೆ. ಅದರ ಮೇಲೆ 1294ರ ಶಾಸನ. ಶಾಸನಕ್ಕಿಂತ ನನಗೆ ಇಷ್ಟವಾಗೋದು ಅಲ್ಲೇ ಕೆತ್ತಿರೋ ಗೆರೆಚಿತ್ರ. ಅಷ್ಟುದ್ದದ ಕಲ್ಲನ್ನ ಬಂಡಿ ಮೇಲೆ ಹೇರಿದ್ದಾರೆ, ಮುಂದೆ ಕೋಣಗಳ ಸಾಲು ಎಳೀತಿದೆ, ಹಿಂದಿನಿಂದ ಜನ ಚಕ್ರಕ್ಕೆ ಸನ್ನೆಗೋಲು ಕೊಟ್ಟು ನೂಕ್ತಿದ್ದಾರೆ. ನಿಂತ ಭಾರ ಮೊದಲ ಸಲ ಅಲುಗೋದೇ ಕಷ್ಟ, ಅಲುಗಿದ ಮೇಲೆ ಅಷ್ಟಿಲ್ಲ.

ಕಾರಿನ ಕ್ಲಚ್ ಹುಟ್ಟಿದ್ದೂ ಇದೇ ಕಷ್ಟಕ್ಕೆ. ಕೋಣ ನಿಂತಲ್ಲಿಂದಲೇ ಜಗ್ಗುತ್ತೆ. ಇಂಜಿನ್ನಿಗೆ ಅದು ಬರಲ್ಲ, ತಿರುಗೋದು ನಿಂತರೆ ಸತ್ತೇ ಹೋಗುತ್ತೆ. ಅದಕ್ಕೆ ತಿರುಗೋ ಇಂಜಿನ್ನಿಗೂ ನಿಂತ ಚಕ್ರಕ್ಕೂ ನಡುವೆ ಜಾರುತ್ತಾ ಜಾರುತ್ತಾ ಹಿಡಿಯೋ ಒಂದು ವಸ್ತು ಬೇಕಾಯ್ತು. ಆರಂಭದ ಕಾರುಗಳಲ್ಲಿ ಅದು ಚರ್ಮ ಹೊದಿಸಿದ ಶಂಕುವಿನಾಕಾರದ ಲೋಹ. ಚರ್ಮ ಒಣಗಿದ್ರೆ ಗಾಡಿ ಕುಪ್ಪಳಿಸ್ತಿತ್ತು, ಎಣ್ಣೆ ತಾಗಿದ್ರೆ ಜಾರ್ತಿತ್ತು. 1891ರ ಹೊತ್ತಿಗೆ ಫ್ರಾನ್ಸಿನ ಪನಾರ್ ಲೆವಾಸೋರ್ ಕಂಪನಿ ಇಂಜಿನ್ ಮುಂದೆ, ಅದರ ಹಿಂದೆ ಕ್ಲಚ್, ಆಮೇಲೆ ಜಾರಿಸಿ ಕೂಡಿಸೋ ಹಲ್ಲುಚಕ್ರ ಅಂತ ಒಂದು ಕ್ರಮ ಮಾಡಿತು. ನಾವೀಗ ಗೇರ್ ಬಾಕ್ಸ್ ಅನ್ನೋದರ ತಾತ ಅದು.

ಆ ಹಲ್ಲುಚಕ್ರಗಳ ವೇಗ ಹೊಂದಿಸೋ ಜವಾಬ್ದಾರಿ ಪೂರ್ತಿ ಡ್ರೈವರಿನ ಕಾಲಿನದು. ಹೊಂದದಿದ್ರೆ ಕರ್ರ್ರ್... ನಮ್ಮ ರಾಯಚೂರು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದಾಗ, 1932ರಲ್ಲಿ, ನಿಜಾಮ್ ರೈಲ್ವೆಯವರು 27 ಬಸ್ಸುಗಳಿಂದ ರಸ್ತೆ ಸಾರಿಗೆ ಶುರುಮಾಡಿದರು. ಆ ಕಾಲದ ಬಸ್ಸು ಲಾರಿ ಓಡಿಸೋರು ಕಲೀಬೇಕಿದ್ದ ಮೊದಲ ವಿದ್ಯೆ ಡಬಲ್ ಕ್ಲಚ್: ಒಂದು ಸಲ ಒತ್ತಿ ನ್ಯೂಟ್ರಲ್, ಬಿಟ್ಟು ಬೇಕಾದ್ರೆ ಸ್ವಲ್ಪ ರೇಸ್, ಮತ್ತೆ ಒತ್ತಿ ಗೇರ್. 1928ರಲ್ಲಿ ಅಮೆರಿಕದ ಕ್ಯಾಡಿಲಾಕ್ ಸಿಂಕ್ರೋಮೆಶ್ ತಂದ ಮೇಲೆ ಈ ಕೆಲಸವನ್ನ ಮೆಲ್ಲಗೆ ಗೇರ್ ಬಾಕ್ಸೇ ಮಾಡತೊಡಗಿತು. ತಮಾಷೆ ಅಂದ್ರೆ, ಅದರೊಳಗಿನ ಹಿತ್ತಾಳೆ ರಿಂಗ್ ಇದೆಯಲ್ಲ, ಅದೂ ಪುಟಾಣಿ ಶಂಕು ಕ್ಲಚ್ಚೇ. ಹಳೇ ಚರ್ಮದ ಕ್ಲಚ್ಚಿನ ಮೊಮ್ಮಗ :-)

ಹಾಗಂತ ಹಳೆಯದೇನೂ ಪೂರ್ತಿ ಹೋಗಲಿಲ್ಲ. ಹಳೇ ಅಂಬಾಸಿಡರ್‌ಗಳಲ್ಲಿ ಒಂದನೇ ಗೇರಿಗೆ ಸಿಂಕ್ರೋ ಇರಲಿಲ್ಲ. 1983ರ ಕೊನೆಗೆ ಬಂದ ಮಾರುತಿ 800 ಜನರ ಕೈಯನ್ನ ಸ್ಟೇರಿಂಗ್ ಪಕ್ಕದ ಗೇರ್ ರಾಡಿನಿಂದ ನೆಲದ ರಾಡಿಗೆ ಇಳಿಸಿತು. ಇವೆರಡೂ ನಿಂತಿದ್ದು ಒಂದೇ ವರ್ಷ, 2014ರಲ್ಲಿ. ಆದರೆ ಇವತ್ತಿಗೂ ಎಷ್ಟೋ ಕಾರುಗಳಲ್ಲಿ ರಿವರ್ಸ್ ಗೇರಿಗೆ ಸಿಂಕ್ರೋ ಇಲ್ಲ. ಅಂದ್ರೆ ನಿಮ್ಮ ಹೊಸ ಕಾರು ಹಿಂದಕ್ಕೆ ಹೋಗುವಾಗ 1891ರಲ್ಲೇ ಇರುತ್ತೆ.

ಇಷ್ಟೆಲ್ಲ ಯಾಕೆ ಹೇಳಿದೆ ಅಂದ್ರೆ, ಗೇರ್ ಬಾಕ್ಸ್ ಇಳಿಸಿ ಮಾಡಿದ ಗಾಡಿ ವಾಪಸ್ ತಗೊಳ್ಳುವಾಗ ಈ ಚರಿತ್ರೆ ದುಡ್ಡು ಉಳಿಸುತ್ತೆ. ಮೇಸ್ತ್ರಿ "ಆಗ್ಯಾದ್ರಿ, ಒಯ್ರಿ" ಅಂತಾನೆ. ನಾವು ರಿವರ್ಸ್ ಹಾಕ್ತೀವಿ, ಕರ್ರ್ ಅನ್ನುತ್ತೆ. "ಗೇರ್ ಸರಿ ಕೂಡ್ಸಿಲ್ಲ" ಅಂತ ಜಗಳ, ಮತ್ತೆ ಬಾಕ್ಸ್ ಕೆಳಗೆ. ಎಷ್ಟೋ ಸಲ ತಪ್ಪು ಗೇರಿನದಲ್ಲ, ಕ್ಲಚ್ ಪೂರ್ತಿ ಬಿಡ್ತಾ ಇರಲ್ಲ ಅಷ್ಟೇ.

ನೋಡೋದು ಸುಲಭ. ಇಂಜಿನ್ ಆಫ್ ಇದ್ದಾಗ ಕ್ಲಚ್ ಒತ್ತಿ ಎಲ್ಲಾ ಗೇರ್ ಹಾಕಿ ನೋಡಿ. (ಒಂದೆರಡು ಮೊಂಡು ಮಾಡಿದ್ರೆ ಗಾಡಿ ತುಸು ಅಲುಗಿಸಿ ಹಾಕಿ, ಹಲ್ಲಿಗೆ ಹಲ್ಲು ಎದುರಾಗಿರುತ್ತೆ.) ಆಫ್ ಇದ್ದಾಗ ಸಲೀಸು, ಸ್ಟಾರ್ಟ್ ಆದ ಮೇಲೆ ಎಲ್ಲಾ ಬಿಗಿ ಅಂದ್ರೆ ಅನುಮಾನ ಕ್ಲಚ್ ಮೇಲೆ. ಆಫ್ ಇದ್ದಾಗಲೂ ಸಿಗದಿದ್ರೆ ಗೇರ್ ರಾಡಿನ ಲಿಂಕೇಜ್ ನೋಡಬೇಕು. ಆಮೇಲೆ ಸ್ಟಾರ್ಟ್ ಮಾಡಿ, ಕ್ಲಚ್ ಪೂರ್ತಿ ಒತ್ತಿ ಮೂರ್ನಾಲ್ಕು ಸೆಕೆಂಡ್ ಕಾದು ರಿವರ್ಸ್ ಹಾಕಿ. ಕಾದರೂ ಕರ್ರ್ ಅಂದ್ರೆ ಪ್ಲೇಟ್ ಇನ್ನೂ ಇಂಜಿನ್ ಜೊತೆ ತಿರುಗ್ತಿದೆ. ಕೇಬಲ್ ಗಾಡಿಯಾದ್ರೆ ಕೇಬಲ್ ಅಡ್ಜಸ್ಟ್‌ಮೆಂಟ್, ಎಣ್ಣೆ ಕ್ಲಚ್ಚಾದ್ರೆ ಒಳಗೆ ಗಾಳಿ ಉಳಿದಿದೆಯಾ, ಎಲ್ಲಾದ್ರೂ ಸೋರ್ತಿದೆಯಾ ಅಂತ ಮೊದಲು ನೋಡಿಸಿ. ಬಾಕ್ಸ್ ಬಿಚ್ಚೋ ಮಾತು ಆಮೇಲೆ.

ನ್ಯೂಟ್ರಲ್‌ನಲ್ಲಿ ಕಿವಿಯನ್ನೂ ಕೊಡಿ. ಕ್ಲಚ್ ಒತ್ತಿದಾಗ ಶಬ್ದ ಬಂದ್ರೆ ಸಾಮಾನ್ಯವಾಗಿ ರಿಲೀಸ್ ಬೇರಿಂಗ್. ಬಿಟ್ಟಾಗ ಬಂದು ಒತ್ತಿದಾಗ ನಿಂತರೆ ಗೇರ್ ಬಾಕ್ಸಿನೊಳಗಿನ ಬೇರಿಂಗ್ ಇರಬಹುದು.

ಇನ್ನು ರೋಡು. ರಾಯಚೂರು ಪೇಟೆಯಲ್ಲಿ ಹತ್ತಿ ಗಾಡಿಗಳ ಹಿಂದೆ ಹಾಫ್ ಕ್ಲಚ್‌ನಲ್ಲಿ ತೆವಳಿದ್ರೆ ಏನೂ ಗೊತ್ತಾಗಲ್ಲ, ಹೊಸ ಪ್ಲೇಟ್ ಸುಡುತ್ತೆ ಅಷ್ಟೇ. ಮಾನ್ವಿ ದಾರಿಯಲ್ಲಿ ರಸ್ತೆ ಖಾಲಿ ಸಿಕ್ಕಾಗ ಮೇಲಿನ ಗೇರಲ್ಲಿ ಮೆಲ್ಲಗೆ ಹೋಗ್ತಾ ಆಕ್ಸಿಲೇಟರ್ ಒಮ್ಮೆಲೇ ಒತ್ತಿ. ಇಂಜಿನ್ ಕೂಗಿ ಗಾಡಿ ಓಡದಿದ್ರೆ ಕ್ಲಚ್ ಜಾರ್ತಿದೆ. ನಮ್ಮದು ಬಯಲು ಸೀಮೆ, ಏರು ಹುಡುಕಬೇಕು. ಕಾಲುವೆ ಏರಿ ಹತ್ತೋ ದಾರಿ ಸಿಕ್ಕರೆ ಅಲ್ಲೂ ಒಂದ್ಸಲ ನಿಲ್ಲಿಸಿ ಎತ್ತಿ ನೋಡಿ, ಗಾಡಿ ನಡುಗದೆ ಎದ್ದೇಳಬೇಕು. ದೇವದುರ್ಗದ ಕಡೆ ಹಳ್ಳಿಹಳ್ಳಿಗೂ ಹಂಪ್, ಕುರಿ ಹಿಂಡು. ಮೂರರಿಂದ ಎರಡಕ್ಕೆ ಇಳಿಸೋ ಪರೀಕ್ಷೆಗೆ ಬೇರೆ ಜಾಗ ಬೇಡ. ಒಂದೇ ಗೇರಲ್ಲಿ ಕರ್ರ್ ಅಂದ್ರೆ ಆ ಹಿತ್ತಾಳೆ ರಿಂಗ್ ಸವೆದಿರಬಹುದು. ಆಕ್ಸಿಲೇಟರ್ ಬಿಟ್ಟ ತಕ್ಷಣ ರಾಡು ತಾನೇ ನ್ಯೂಟ್ರಲ್‌ಗೆ ಹಾರಿದ್ರೆ ಮಾತ್ರ ಮುಲಾಜಿಲ್ಲದೆ ವಾಪಸ್ ಕೊಡಿ.

ಒಂದು ಮಾತು. ಈ ಪರೀಕ್ಷೆಗೆ ಹಳೇ ಲಾರಿ ಡ್ರೈವರನ್ನ ಕೂಡಿಸಬೇಡಿ. ಅವರ ಮೇಲೆ ನನಗೆ ಅಪಾರ ಗೌರವ, ಆದರೆ ಅವರ ಎಡಗಾಲು ತಾನಾಗೇ ಡಬಲ್ ಕ್ಲಚ್ ಹೊಡೆದು ಕೆಟ್ಟ ಸಿಂಕ್ರೋವನ್ನ ಮುಚ್ಚಿಬಿಡುತ್ತೆ. ದಿನಾ ಓಡಿಸೋರೇ ಓಡಿಸಲಿ, ಮೇಸ್ತ್ರಿ ಪಕ್ಕದ ಸೀಟಲ್ಲಿರಲಿ. ದೇವದುರ್ಗದಿಂದ ರಾತ್ರಿ ಹೊತ್ತು ರಾಯಚೂರಿನ ರಿಮ್ಸ್‌ಗೆ ಪೇಷಂಟ್ ಕರೆತರೋ ಬಾಡಿಗೆ ಗಾಡಿಯಾದ್ರಂತೂ ಇದನ್ನ ಹಗಲೇ, ದುಡ್ಡು ಕೊಡೋ ಮುಂಚೆಯೇ ಮುಗಿಸಬೇಕು.

ಬಿಚ್ಚಿದ ಹಳೇ ಪ್ಲೇಟನ್ನೂ ಕೇಳಿ ನೋಡಿ. ರಿವೆಟ್ ಮಟ್ಟಕ್ಕೆ ಸವೆದಿತ್ತಾ, ಎಣ್ಣೆ ಕುಡಿದಿತ್ತಾ? ಎಣ್ಣೆ ಕುಡಿದಿದ್ರೆ ಸೀಲ್ ಬದಲಿಸಿದಿರಾ ಅಂತ ಕೇಳಬೇಕು. ಇಲ್ಲಾಂದ್ರೆ ಹೊಸದೂ ಅದೇ ದಾರಿ. ಆದರೆ ಅದರ ಧೂಳು ಊದಬೇಡಿ, ಹಳೇ ಪ್ಲೇಟುಗಳಲ್ಲಿ ಆಸ್ಬೆಸ್ಟಾಸ್ ಇರ್ತಿತ್ತು. ರಾತ್ರಿ ಗಾಡಿ ಕೆಳಗೆ ಒಂದು ರಟ್ಟು ಹಾಸಿಡಿ, ಬೆಳಿಗ್ಗೆ ಎಣ್ಣೆ ಹನಿ ಬಿದ್ದಿದ್ರೆ ಆ ರಟ್ಟನ್ನೇ ಗ್ಯಾರೇಜಿಗೆ ಒಯ್ಯಿರಿ.