ಕಡತದ ಲೆಕ್ಕ ಯಾರ ಸೊತ್ತು?

ಪಿರಿಯಾಪಟ್ಟಣದ ರೈತನೊಬ್ಬ ನಾಡಕಚೇರಿಯ ಕಿಂಡಿಯಲ್ಲಿ ಹಣ ಕಟ್ಟಿ ತನ್ನ ಹೊಲದ ಪಹಣಿ ಪಡೆಯುತ್ತಾನೆ. ಸರ್ವೆ ನಂಬರು, ವಿಸ್ತೀರ್ಣ, ಬೆಳೆ, ಬ್ಯಾಂಕಿನ ಸಾಲ ಎಲ್ಲವೂ ಅದರಲ್ಲಿ ನಮೂದಾಗಿರುತ್ತವೆ. ಹೊಲ ಅವನದು, ಮಾಹಿತಿ ಅವನ ಹೊಲದ್ದು, ಆದರೂ ಬೆಲೆ ತೆರುವವನು ಅವನೇ. ಮಾಹಿತಿಗೆ ಬೆಲೆಯಿದೆ ಎಂಬುದನ್ನು ತಿಳಿಯಲು ಇದಕ್ಕಿಂತ ಸರಳ ಪಾಠ ಬೇಕಿಲ್ಲ.

ಈ ಬೆಲೆಯನ್ನು ಸರ್ಕಾರಗಳೂ ತೆರುತ್ತವೆ. ಉಪಗ್ರಹ ಚಿತ್ರ, ಹವಾಮಾನದ ಅಂಕಿಅಂಶ, ಜನರ ಮೊಬೈಲುಗಳು ಎಲ್ಲೆಲ್ಲಿ ಓಡಾಡಿದವು ಎಂಬ ವಿವರ, ಇವೆಲ್ಲ ಇಂದು ಖಾಸಗಿ ಕಂಪನಿಗಳ ಮಾರಾಟದ ಸರಕು. ಫೋನ್ ಕಂಪನಿಯಿಂದ ಒಬ್ಬನ ಓಡಾಟದ ಹಳೆಯ ದಾಖಲೆ ಪಡೆಯಲು ಪೊಲೀಸರಿಗೆ ಸಾಮಾನ್ಯವಾಗಿ ನ್ಯಾಯಾಲಯದ ವಾರಂಟ್ ಬೇಕು ಎಂದು ಅಮೆರಿಕದ ಸುಪ್ರೀಂ ಕೋರ್ಟ್ 2018ರಲ್ಲಿ ತೀರ್ಪಿತ್ತಿತು. ಆದರೆ ಅದೇ ಬಗೆಯ ಮಾಹಿತಿಯನ್ನು ದಲ್ಲಾಳಿ ಕಂಪನಿಗಳಿಂದ ಅಲ್ಲಿನ ಸರ್ಕಾರಿ ಇಲಾಖೆಗಳು ದುಡ್ಡು ಕೊಟ್ಟು ಕೊಂಡದ್ದು ಆಮೇಲೆ ಬೆಳಕಿಗೆ ಬಂತು. ಕೇಳಿ ಪಡೆಯಲಾಗದ್ದನ್ನು ಕೊಂಡು ಪಡೆಯಬಹುದೇ ಎಂಬುದು ಅಲ್ಲಿನ ಚರ್ಚೆ.

ಇದು ಕಂಪ್ಯೂಟರ್ ಯುಗದ ಹೊಸ ರೋಗವೆಂದು ತಿಳಿಯಬೇಕಾಗಿಲ್ಲ. ಇದರ ಬೇರು ನಮ್ಮ ಮೈಸೂರು ಸೀಮೆಯಲ್ಲೇ ಉಂಟು.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದಿತು. ಗೆದ್ದ ನಾಡಿನಲ್ಲಿ ಏನಿದೆ ಎಂಬುದು ಈಸ್ಟ್ ಇಂಡಿಯಾ ಕಂಪನಿಗೆ ತಿಳಿಯಬೇಕಿತ್ತು. 1800ರಲ್ಲಿ ಗವರ್ನರ್ ಜನರಲ್ ವೆಲ್ಲೆಸ್ಲಿ ವೈದ್ಯ ಫ್ರಾನ್ಸಿಸ್ ಬುಕಾನನ್ನನನ್ನು ಈ ಕೆಲಸಕ್ಕೆ ಕಳುಹಿಸಿದ. ಆತ ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳನ್ನು ಹಾದು ಹೋದ. ಪಿರಿಯಾಪಟ್ಟಣದ ಒಳಕೋಟೆಯಲ್ಲಿ ಜನರಿಲ್ಲ, ಹುಲಿಗಳು ನೆಲೆಸಿವೆ ಎಂದು ಬರೆದುಕೊಂಡ. ಅವನ ಗ್ರಂಥ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು.

ಅದೇ ಕಾಲದಲ್ಲಿ ಮೈಸೂರು ಸೀಮೆಯ ಅಳತೆಗೆ ನಿಂತವನು ಕಾಲಿನ್ ಮೆಕೆಂಜಿ. ನಕ್ಷೆ ತೆಗೆಯುವುದು ಅವನ ಸರ್ಕಾರಿ ಕೆಲಸ. ಅದರ ಜೊತೆಗೆ ಶಾಸನ, ನಾಣ್ಯ, ಓಲೆಗರಿ, ಊರೂರ ಕೈಫಿಯತ್ತುಗಳನ್ನು ಕಲೆಹಾಕುವುದು ಅವನ ಸ್ವಂತ ಹವ್ಯಾಸ. ಅದಕ್ಕೆ ಬಹುಪಾಲು ತನ್ನ ಕೈಯಿಂದಲೇ ಖರ್ಚು ಮಾಡಿದ. ಹಳ್ಳಿಗಳಿಗೆ ಹೋಗಿ ಜನರನ್ನು ಮಾತನಾಡಿಸಿ ಬರೆದುಕೊಂಡವರು ಮಾತ್ರ ಅವನ ದೇಶೀ ಸಹಾಯಕರು. ಕಾವಲಿ ವೆಂಕಟ ಬೊರಯ್ಯ ಅವರಲ್ಲಿ ಮೊದಲಿಗ. ಆತ 1803ರಲ್ಲಿ ತೀರಿಕೊಂಡ ಮೇಲೆ ತಮ್ಮ ಲಕ್ಷ್ಮಯ್ಯ ಆ ಕೆಲಸ ಮುಂದುವರಿಸಿದ.

1821ರಲ್ಲಿ ಮೆಕೆಂಜಿ ತೀರಿಕೊಂಡ. ಸಂಗ್ರಹವನ್ನು ಕಂಪನಿ ಸರ್ಕಾರ ಅವನ ಹೆಂಡತಿಯಿಂದ ಕೊಂಡಿತು. ಬೆಲೆ ಒಂದು ಲಕ್ಷ ರೂಪಾಯಿ, ಅಂದರೆ ಆಗಿನ 10,000 ಪೌಂಡು. 1828ರಲ್ಲಿ ಎಚ್.ಎಚ್. ವಿಲ್ಸನ್ ಪ್ರಕಟಿಸಿದ ಪಟ್ಟಿಯ ಪ್ರಕಾರ ಅದರಲ್ಲಿ 8,076 ಶಾಸನ ಪ್ರತಿಗಳೂ 6,218 ನಾಣ್ಯಗಳೂ ಇದ್ದವು. ಊರಿನ ಹಿರಿಯರು ಹೇಳಿದ್ದು, ಶಾನುಭೋಗರು ಓದಿದ್ದು ಒಬ್ಬ ಅಧಿಕಾರಿಯ ಖಾಸಗಿ ಸೊತ್ತಾಗಿ, ಕೊನೆಗೆ ಸರ್ಕಾರವೇ ಅದಕ್ಕೆ ಗಿರಾಕಿಯಾಯಿತು. ತಾನು ಆ ಕೆಲಸ ಮುಂದುವರಿಸುವೆನೆಂದು ಲಕ್ಷ್ಮಯ್ಯ ಕೇಳಿಕೊಂಡಾಗ ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿ ಒಪ್ಪಲಿಲ್ಲ. ಮಾಹಿತಿಗೆ ಬೆಲೆ ಸಿಕ್ಕಿತು, ಅದನ್ನು ಕೂಡಿಹಾಕಿದವನಿಗೆ ಸಿಗಲಿಲ್ಲ.

ಇತ್ತ ಹಳ್ಳಿಯಲ್ಲಿ ದಿನನಿತ್ಯದ ಲೆಕ್ಕ ಶಾನುಭೋಗರ ಕೈಯಲ್ಲಿತ್ತು. ಹುಣಸೆಬೀಜದ ಸರಿ ಮತ್ತು ಇದ್ದಿಲ ಪುಡಿ ಬಳಿದ ಬಟ್ಟೆಯನ್ನು ಮಡಿಕೆ ಮಡಿಕೆಯಾಗಿ ಮಡಿಸಿದರೆ ಅದೇ ಕಡತ. ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ಶಾನುಭೋಗಿಕೆ ವಂಶಪಾರಂಪರ್ಯವಾದ್ದರಿಂದ ಕಡತವೂ ಮನೆಯಲ್ಲೇ ಇರುತ್ತಿತ್ತು. ಇದಕ್ಕಾಗಿ ಅವರಿಗೆ ಇನಾಮು ಭೂಮಿ, ಪೋಟಗಿ ಸಲ್ಲುತ್ತಿದ್ದವು. ಒಂದು ಅರ್ಥದಲ್ಲಿ ಸರ್ಕಾರ ಹಳ್ಳಿಯ ಮಾಹಿತಿಯನ್ನು ಒಂದು ಮನೆತನದಿಂದ ಬಾಡಿಗೆಗೆ ಪಡೆಯುತ್ತಿತ್ತು ಎನ್ನಬಹುದು. ಬರೆದವನಿಗೆ ಮಾತ್ರ ತಿಳಿಯುವ ಲೆಕ್ಕವನ್ನು ರೈತ ಪ್ರಶ್ನಿಸುವುದಾದರೂ ಹೇಗೆ?

ಈ ಪದ್ಧತಿಗೆ ಕೊನೆ ಹಾಡಿದ್ದು 1961ರ ಗ್ರಾಮಾಧಿಕಾರ ರದ್ದಿಯಾತಿ ಕಾಯ್ದೆ. ಅದು 1963ರ ಫೆಬ್ರುವರಿ 1ರಂದು ಜಾರಿಗೆ ಬಂತು. ಸಂಬಳದ ಗ್ರಾಮಲೆಕ್ಕಿಗರು ಬಂದರು. ದಾಖಲೆ ಮನೆಯಿಂದ ಕಚೇರಿಗೆ ಹೋಯಿತು.

ಮುಂದಿನ ತಿರುವು ‘ಭೂಮಿ’ ಯೋಜನೆ. ಸುಮಾರು ಎರಡು ಕೋಟಿ ಪಹಣಿಗಳು ಕಂಪ್ಯೂಟರಿಗೆ ಸೇರಿದವು. 2002ರ ಹೊತ್ತಿಗೆ ಕೈಬರಹದ ಪಹಣಿಗೆ ಮಾನ್ಯತೆ ಹೋಗಿ, 15 ರೂಪಾಯಿಗೆ ಮುದ್ರಿತ ಪ್ರತಿ ಸಿಗುವಂತಾಯಿತು. ಆದರೆ ಅಕ್ಷರಗಳನ್ನು ಕಂಪ್ಯೂಟರಿಗೆ ತುಂಬಿದ್ದು ಖಾಸಗಿ ಸಂಸ್ಥೆಗಳು. 2006ರಿಂದ ಹೋಬಳಿ ಮಟ್ಟದಲ್ಲಿ ತೆರೆದ ‘ನೆಮ್ಮದಿ’ ಕೇಂದ್ರಗಳನ್ನು ನಡೆಸಿದ್ದೂ ಖಾಸಗಿ ಕಂಪನಿಗಳೇ. 2012ರಲ್ಲಿ ಅಟಲ್‌ಜೀ ಜನಸ್ನೇಹಿ ಕೇಂದ್ರಗಳ ಹೆಸರಿನಲ್ಲಿ ಈ ಕೆಲಸ ಮತ್ತೆ ಸರ್ಕಾರದ ನಾಡಕಚೇರಿಗೆ ಮರಳಿತು. ದಾಖಲೆ ಮನೆಯಿಂದ ಕಚೇರಿಗೆ, ಕಚೇರಿಯಿಂದ ಕಂಪನಿಗೆ, ಮತ್ತೆ ಕಚೇರಿಗೆ ಹೀಗೆ ಓಡಾಡಿದೆ.

ವ್ಯಾಪಾರ ತಿರುಗುಮುರುಗಾದದ್ದೂ ಉಂಟು. ವಾಹನ ನೋಂದಣಿ ಮತ್ತು ಚಾಲನಾ ಪರವಾನಗಿಯ ದತ್ತಾಂಶವನ್ನು 87 ಖಾಸಗಿ ಕಂಪನಿಗಳಿಗೂ 32 ಸರ್ಕಾರಿ ಸಂಸ್ಥೆಗಳಿಗೂ ಒದಗಿಸಿ 65 ಕೋಟಿ ರೂಪಾಯಿ ಗಳಿಸಿದ್ದಾಗಿ ಕೇಂದ್ರ ಸರ್ಕಾರ 2019ರಲ್ಲಿ ರಾಜ್ಯಸಭೆಗೆ ತಿಳಿಸಿತು. 2020ರಲ್ಲಿ ಆ ನೀತಿಯನ್ನೇ ಕೈಬಿಟ್ಟಿತು. ಪರವಾನಗಿ ಪಡೆಯಲು ವಿವರ ಕೊಟ್ಟ ಹುಣಸೂರಿನ ಲಾರಿ ಚಾಲಕನನ್ನಾಗಲಿ, ಕೃಷ್ಣರಾಜನಗರದ ಸ್ಕೂಟರ್ ಮಾಲೀಕನನ್ನಾಗಲಿ ಯಾರೂ ಕೇಳಿರಲಿಲ್ಲ. ವೈಯಕ್ತಿಕ ದತ್ತಾಂಶ ರಕ್ಷಣೆಗೆಂದೇ ಸಂಸತ್ತು ಕಾಯ್ದೆ ಮಾಡಿದ್ದು 2023ರಲ್ಲಿ.

ಲೆಕ್ಕದಲ್ಲಿ ಹೆಸರಿದ್ದವರ ಮಾತಾಯಿತು. ಹೆಸರೇ ಇಲ್ಲದವರ ಪಾಡೇನು? ಎಚ್.ಡಿ. ಕೋಟೆ, ಹುಣಸೂರು ತಾಲ್ಲೂಕುಗಳ ಕಾಡಂಚಿನ ಜೇನುಕುರುಬರಿಗೆ ಶಾನುಭೋಗರ ಕಡತವೂ ಇರಲಿಲ್ಲ, ಪಹಣಿಯೂ ಇರಲಿಲ್ಲ. ಕಾಡಿನಿಂದ ಎಬ್ಬಿಸಿದಾಗ ‘ನಿಮ್ಮದೆನ್ನಲು ಕಾಗದವೆಲ್ಲಿ’ ಎಂಬ ಪ್ರಶ್ನೆಗೆ ಅವರಲ್ಲಿ ಉತ್ತರವಿರಲಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯ ನಿಯಮಗಳು ಇಲ್ಲಿ ಒಂದು ಹೊಸ ದಾರಿ ತೆರೆದವು. ಊರಿನ ಹಿರಿಯರ ಹೇಳಿಕೆಯನ್ನು ಬರೆದುಕೊಂಡರೆ ಅದೂ ಒಂದು ಸಾಕ್ಷ್ಯ.

ಮೆಕೆಂಜಿಯ ಸಹಾಯಕರು ಕೇಳಿ ಬರೆದುಕೊಂಡದ್ದೂ ಇಂಥ ಹಿರಿಯರ ಮಾತನ್ನೇ. ಅಂದು ಆ ಮಾತು ಕೊಂಡವರ ಸೊತ್ತಾಯಿತು. ಇಂದು ಅದು ಹೇಳಿದವರ ಹಕ್ಕಿಗೆ ಆಧಾರವಾಗಬಲ್ಲದು. ಸರ್ಕಾರ ಮಾಹಿತಿಯನ್ನು ಕೊಳ್ಳಲಿ, ಮಾರಲಿ, ಗುತ್ತಿಗೆ ಕೊಡಲಿ, ಕರಾರಿನಲ್ಲಿ ಮೂರು ಸಂಗತಿ ಸ್ಪಷ್ಟವಿರಬೇಕು: ಅದು ಯಾರದು, ಯಾರು ನೋಡಬಹುದು, ತಪ್ಪಿದ್ದರೆ ಯಾರು ತಿದ್ದಬೇಕು. ಕಡತ ಬಟ್ಟೆಯದಾದರೂ ಕಂಪ್ಯೂಟರಿನದಾದರೂ ಅದರೊಳಗಿರುವುದು ಜನರ ಬದುಕು.