ಕಲ್ಯಾಣದ ಸೋದರ ಸಮರ: ಕಾವ್ಯ, ಶಾಸನ ಮತ್ತು ಚರಿತ್ರೆ

ಬೀದರ ಜಿಲ್ಲೆಯ ಹುಮನಾಬಾದ್ ತಾಲೂಕಿನ ಜಲಸಂಗ್ವಿ ದೇವಾಲಯದ ಹೊರಭಿತ್ತಿಯಲ್ಲಿ ಅಕ್ಷರ ಬರೆಯುತ್ತಿರುವ ಮದನಿಕೆಯ ಶಿಲ್ಪವೊಂದಿದೆ. ಆಕೆ ಬರೆಯುತ್ತಿರುವುದು ಚಾಲುಕ್ಯ ವಿಕ್ರಮಾದಿತ್ಯನ ಪ್ರಶಸ್ತಿಯನ್ನು. ಆರನೆಯ ವಿಕ್ರಮಾದಿತ್ಯನು ಕ್ರಿ.ಶ. 1076ರಿಂದ 1126ರವರೆಗೆ ಕಲ್ಯಾಣವನ್ನು, ಅಂದರೆ ಇಂದಿನ ಬಸವಕಲ್ಯಾಣವನ್ನು, ರಾಜಧಾನಿಯಾಗಿಸಿಕೊಂಡು ಆಳಿದನು. ಆ ಸಿಂಹಾಸನವು ಅವನಿಗೆ ದೊರೆತದ್ದು ಒಡಹುಟ್ಟಿದ ಅಣ್ಣನಾದ ಇಮ್ಮಡಿ ಸೋಮೇಶ್ವರನನ್ನು ಯುದ್ಧದಲ್ಲಿ ಸೋಲಿಸಿ ಸೆರೆಯಲ್ಲಿಟ್ಟ ಬಳಿಕ. ಗೆದ್ದವನ ಕೀರ್ತಿಯನ್ನು ಕಲ್ಲಿನ ಮದನಿಕೆಯೂ ಬರೆದಳು. ಸೋತವನ ಪಕ್ಷವನ್ನು ಬರೆದವರು ಯಾರು ಎಂಬುದು ಇಲ್ಲಿಯ ಪ್ರಶ್ನೆ.

ಈ ಯುದ್ಧದ ವಿಸ್ತಾರವಾದ ಕಥನವಿರುವುದು ಕಾಶ್ಮೀರದಿಂದ ಬಂದು ಆಸ್ಥಾನದಲ್ಲಿ ವಿದ್ಯಾಪತಿಯೆನಿಸಿದ ಬಿಲ್ಹಣನ 'ವಿಕ್ರಮಾಂಕದೇವಚರಿತ'ದಲ್ಲಿ. ಹದಿನೆಂಟು ಸರ್ಗಗಳ ಈ ಸಂಸ್ಕೃತ ಮಹಾಕಾವ್ಯದ ಹಸ್ತಪ್ರತಿಯನ್ನು 1874ರಲ್ಲಿ ಜೈಸಲ್ಮೇರಿನ ಜೈನ ಭಂಡಾರದಲ್ಲಿ ಕಂಡ ಬ್ಯೂಲರ್ ಮರುವರ್ಷವೇ ಅದನ್ನು ಪ್ರಕಟಿಸಿದನು. ಅದೇ ದಶಕದಲ್ಲಿ ಶ್ಲೀಮನ್ನನು ಹಿಸ್ಸಾರ್ಲಿಕ್ ದಿಬ್ಬವನ್ನು ಅಗೆದು, ಗ್ರೀಕರ ಪುರಾಣಪ್ರಸಿದ್ಧ ಟ್ರಾಯ್ ಯುದ್ಧದ ನೆಲೆಯನ್ನು ಹುಡುಕುತ್ತಿದ್ದನು. ಕಾವ್ಯದಲ್ಲಿ ಉಳಿದ ಯುದ್ಧದಿಂದ ಚರಿತ್ರೆಯನ್ನು ಬೇರ್ಪಡಿಸುವ ಕಷ್ಟ ಎರಡು ಕಡೆಯೂ ಒಂದೇ.

ಬಿಲ್ಹಣನ ಪ್ರಕಾರ ತಂದೆ ಆಹವಮಲ್ಲನು ಯುವರಾಜಪದವಿಯನ್ನು ನೀಡಬಂದಾಗ ವಿಕ್ರಮಾದಿತ್ಯನು ಅದನ್ನು ಅಣ್ಣನಿಗೇ ಬಿಟ್ಟುಕೊಟ್ಟನು. ರಾಜನಾದ ಅಣ್ಣನು ಮದಾಂಧನಾಗಿ ಶತ್ರುವಾದ ಚೋಳನೊಡನೆ ಸೇರಿದನು. ಆಗಲೂ ತಮ್ಮನು ಹೋರಾಡಲೊಲ್ಲದಿರಲು ಸ್ವಪ್ನದಲ್ಲಿ ಶಿವನೇ ಯುದ್ಧಕ್ಕೆ ಆಜ್ಞಾಪಿಸಿದನು. ರಾಜ್ಯಾಪಹಾರದ ಕಳಂಕವು ಹೀಗೆ ದೈವಾಜ್ಞೆಯಲ್ಲಿ ತೊಳೆದುಹೋಗುತ್ತದೆ.

ಶಾಸನಗಳು ಬೇರೊಂದು ಚಿತ್ರವನ್ನು ಕೊಡುತ್ತವೆ. 1068ರಲ್ಲಿ ಆಹವಮಲ್ಲನು ಕುರುವತ್ತಿಯಲ್ಲಿ ತುಂಗಭದ್ರೆಗಿಳಿದು ದೇಹತ್ಯಾಗ ಮಾಡಿದನು. ಹೊಸ ಅರಸನ ಬಲವಿನ್ನೂ ನೆಲೆಗೊಂಡಿಲ್ಲವೆಂದೆಣಿಸಿ ವೀರರಾಜೇಂದ್ರ ಚೋಳನು ಗುತ್ತಿಯನ್ನು ಮುತ್ತಿದಾಗ ಸೋಮೇಶ್ವರನ ಸೇನೆ ಅವನನ್ನು ಹಿಮ್ಮೆಟ್ಟಿಸಿತೆಂದು ಬಳ್ಳಿಗಾವೆಯ ಶಾಸನ ಹೇಳುತ್ತದೆ. ಆ ವೀರರಾಜೇಂದ್ರನ ಮಗಳನ್ನೇ ವಿಕ್ರಮಾದಿತ್ಯನು ವರಿಸಿದ್ದನೆಂಬುದು ಗಮನಾರ್ಹ. ಚೋಳಸ್ನೇಹವು ಅಪರಾಧವಾದರೆ ಅದರಲ್ಲಿ ತಮ್ಮನಿಗೂ ಪಾಲುಂಟು. ಹದಿಮೂರನೆಯ ಶತಮಾನದ ಹೇಮಾದ್ರಿಯಾದರೋ, ವಿಕ್ರಮಾದಿತ್ಯನನ್ನು ಶತ್ರುಗಳಿಂದ ರಕ್ಷಿಸಿ ಕಲ್ಯಾಣದ ಪಟ್ಟದಲ್ಲಿ ಕೂರಿಸಿದವನು ಸೇವುಣಚಂದ್ರನೆಂದು ತನ್ನೊಡೆಯರ ವಂಶಕ್ಕೆ ಆ ಯಶಸ್ಸನ್ನು ಸಲ್ಲಿಸುತ್ತಾನೆ. ಶಿವಾಜ್ಞೆಯ ಸ್ಥಾನದಲ್ಲಿ ಇಲ್ಲಿ ಸಾಮಂತರ ಸೇನಾಬಲ ಕಾಣುತ್ತದೆ. ಮುಂದೆ ಕಿರಿಯ ತಮ್ಮ ಜಯಸಿಂಹನು ವಿಕ್ರಮಾದಿತ್ಯನ ವಿರುದ್ಧ ದಂಗೆಯೆದ್ದಾಗ ಅದೇ ಕವಿಗೆ ಅದು ಕೃತಘ್ನತೆಯಾಗಿ ತೋರಿತು.

ಬಿಲ್ಹಣನನ್ನು ಸುಳ್ಳುಗಾರನೆನ್ನುವುದು ಇದರ ಉದ್ದೇಶವಲ್ಲ. ಆಶ್ರಯದಾತನ ಚರಿತವನ್ನು ಹಾಡುವುದು ಆಸ್ಥಾನಕವಿಯ ಧರ್ಮವಾಗಿತ್ತು. ಆದರೂ ಒಂದು ಹೋಲಿಕೆ ಉಚಿತವೆನಿಸುತ್ತದೆ. ಗ್ರೀಕರ ಕವಿ ಹೋಮರನ 'ಇಲಿಯಡ್' ಮುಗಿಯುವುದು ಗ್ರೀಕರ ವಿಜಯೋತ್ಸವದಿಂದಲ್ಲ, ಶತ್ರುವೀರ ಹೆಕ್ಟರನ ಅಂತ್ಯಕ್ರಿಯೆಯಿಂದ. ಮಗನ ಶವಕ್ಕಾಗಿ ಕೊಂದವನ ಬಿಡಾರಕ್ಕೇ ಬಂದ ಮುದಿದೊರೆ ಪ್ರಿಯಾಮನ ದುಃಖಕ್ಕೆ ಅಲ್ಲಿ ಸ್ಥಾನವಿದೆ. ಕಲ್ಯಾಣದ ಕಾವ್ಯದಲ್ಲಿ ಭುವನೈಕಮಲ್ಲನೆನಿಸಿದ್ದ ಸೋಮೇಶ್ವರನಿಗೆ ಅಂತಹ ಕರುಣೆ ಒದಗಲಿಲ್ಲ. ಸೆರೆಯ ಬಾಗಿಲು ಮುಚ್ಚುವಲ್ಲಿಗೆ ಅವನ ಕಥೆ ಮುಗಿಯುತ್ತದೆ. ಕವಿ ಕೊಡದ ನ್ಯಾಯವನ್ನು ಚರಿತ್ರಕಾರನು ಕೊಡಬೇಕಾಗಿದೆ. ಅದಕ್ಕೆ ಆಧಾರವಾಗಿ ಉಳಿದಿರುವುದು ಅವನ ಎಂಟು ವರ್ಷಗಳ ಆಳ್ವಿಕೆಯ ಶಾಸನಗಳು. ಅವುಗಳನ್ನು ಕಾವ್ಯದ ಪಕ್ಕದಲ್ಲಿಟ್ಟು ಓದಿದಾಗಲೇ 1076ರ ಯುದ್ಧದ ಎರಡೂ ಪಕ್ಷಗಳು ನಮಗೆ ಕಾಣುತ್ತವೆ.