ಬ್ಯಾಟರಿಯದೇ ತಪ್ಪೇ? ಸ್ಕೂಟರಿನ ಕರೆಂಟಿನ ಕಥೆ

ಕಳೆದ ಬೇಸಿಗೆಯಲ್ಲಿ ಹುನಗುಂದ ದಾಟಿ ಇಳಕಲ್ಲಿಗೆ ಹೊರಟಿದ್ದೆ. ನಡುದಾರಿಯಲ್ಲಿ ಸ್ಕೂಟರ್ ನಿಂತುಹೋಯಿತು. ಬಟನ್ ಒತ್ತಿದರೆ ಟಕ್ ಟಕ್ ಎಂಬ ಸದ್ದಷ್ಟೇ. ಕಿಕ್ ಹೊಡೆದು ಹೊಡೆದು ಕಾಲು ಸೋತಿತೇ ಹೊರತು ಎಂಜಿನ್ ಏಳಲಿಲ್ಲ. ಹೊಸ ಬ್ಯಾಟರಿ ಹಾಕಿಸಿ ಆರು ತಿಂಗಳೂ ಆಗಿರಲಿಲ್ಲ. ಗಾಡಿ ದೂಡಿಕೊಂಡು ಊರಿನ ಗ್ಯಾರೇಜ್ ಮುಟ್ಟುವ ಹೊತ್ತಿಗೆ ಇನ್ನೊಂದು ಬ್ಯಾಟರಿಗೆ ದುಡ್ಡು ಹೊಂದಿಸುವ ಲೆಕ್ಕ ಮನಸ್ಸಿನಲ್ಲೇ ನಡೆದಿತ್ತು. ಆದರೆ ಮೇಸ್ತ್ರಿ ತಡೆದರು. ‘ಬ್ಯಾಟ್ರಿದೇನ್ ತಪ್ಪಿಲ್ರೀ ಸರ, ಅದಕ್ಕ ಊಟಾನ ಮುಟ್ಟವಲ್ದು’ ಎಂದರು.

ಸ್ಕೂಟರ್ ಏಳದಿದ್ದರೆ ನಾವು ಮೊದಲು ದೂರುವುದು ಬ್ಯಾಟರಿಯನ್ನು. ಬಾಗಲಕೋಟೆ, ಬಾದಾಮಿ ಎನ್ನದೆ ಎಲ್ಲ ಊರುಗಳಲ್ಲೂ ಇದೇ ರೂಢಿ. ಆದರೆ ಸ್ಕೂಟರಿಗೆ ಬ್ಯಾಟರಿಯ ಹಂಗೇ ಇಲ್ಲದ ಕಾಲವೂ ಒಂದಿತ್ತು. ಆ ಸ್ಥಿತಿಯಿಂದ ಬ್ಯಾಟರಿಯಿಲ್ಲದೆ ಹೆಜ್ಜೆಯಿಡಲಾಗದ ಸ್ಥಿತಿಗೆ ಅದು ಬಂದದ್ದು ಹೇಗೆಂದು ತಿಳಿದರೆ, ದೋಷವನ್ನು ಎಲ್ಲಿ ಹುಡುಕಬೇಕೆಂಬುದೂ ತಿಳಿಯುತ್ತದೆ.

ಕಾಂತವೇ ಕರೆಂಟಿನ ಮೂಲ

ತಂತಿಯ ಸುರುಳಿಯ ಬಳಿ ಕಾಂತ ಚಲಿಸಿದರೆ ತಂತಿಯಲ್ಲಿ ವಿದ್ಯುತ್ ಹುಟ್ಟುತ್ತದೆ ಎಂದು ಇಂಗ್ಲೆಂಡಿನ ಮೈಕೆಲ್ ಫ್ಯಾರಡೆ 1831ರಲ್ಲಿ ತೋರಿಸಿಕೊಟ್ಟ. ಸೈಕಲ್ಲಿನ ಡೈನಮೊ ನೋಡಿದವರಿಗೆ ಇದನ್ನು ಬೇರೆ ವಿವರಿಸಬೇಕಿಲ್ಲ. ವಿದ್ಯುತ್ತನ್ನು ಕೂಡಿಡುವ ಸೀಸ–ಆಮ್ಲದ ಬ್ಯಾಟರಿಯನ್ನು ಫ್ರಾನ್ಸಿನ ಗಾಸ್ತೊನ್ ಪ್ಲಾಂಟೆ ಕಂಡುಹಿಡಿದದ್ದು 1859ರಲ್ಲಿ. ಒಂದು ವಿದ್ಯುತ್ತನ್ನು ಹುಟ್ಟಿಸುತ್ತದೆ, ಇನ್ನೊಂದು ಕೂಡಿಡುತ್ತದೆ. ಈ ಎರಡರ ಭೇದವನ್ನು ಮರೆಯುವುದರಿಂದಲೇ ನಮ್ಮ ಅರ್ಧ ಖರ್ಚು ಹುಟ್ಟುತ್ತದೆ.

ಎರಡನೆಯ ಮಹಾಯುದ್ಧದ ನಂತರ, 1946ರಲ್ಲಿ, ಇಟಲಿಯ ಪಿಯಾಜಿಯೊ ಕಂಪನಿ ವೆಸ್ಪಾ ಸ್ಕೂಟರನ್ನು ಹೊರತಂದಿತು. ಅದರ ವಂಶಕ್ಕೆ ಸೇರಿದ ಬಜಾಜ್ ಚೇತಕ್ 1972ರಲ್ಲಿ ಭಾರತದ ರಸ್ತೆಗಿಳಿಯಿತು. ಇಂತಹ ಸ್ಕೂಟರುಗಳ ಜೀವಾಳ ಎಂಜಿನ್ನಿನ ಪಕ್ಕದಲ್ಲಿ ತಿರುಗುವ ಕಾಂತದ ಚಕ್ರ, ಅಂದರೆ ಮ್ಯಾಗ್ನೆಟೊ. ಕಿಕ್ ಹೊಡೆದಾಗ ಚಕ್ರ ತಿರುಗಿ ಪ್ಲಗ್ಗಿಗೆ ಕಿಡಿ ಕೊಡುತ್ತಿತ್ತು. ದೀಪಕ್ಕೂ ಅದರದೇ ಕರೆಂಟು. ಬ್ಯಾಟರಿ ಸತ್ತರೂ, ಅದು ಇಲ್ಲದಿದ್ದರೂ, ಗಾಡಿ ಓಡುತ್ತಿತ್ತು.

ಆದರೆ ಒಂದು ಕೊರತೆಯಿತ್ತು. ಎಂಜಿನ್ ನಿಧಾನವಾದರೆ ಹೆಡ್‌ಲೈಟ್ ಮಂಕಾಗುತ್ತಿತ್ತು. ರಾತ್ರಿ ತಿರುವಿನಲ್ಲಿ ವೇಗ ತಗ್ಗಿಸಿದವರು ದಾರಿ ಕಾಣಲೆಂದು ಆಕ್ಸಿಲೇಟರ್ ತಿರುವುತ್ತಿದ್ದುದು ಹಿರಿಯರಿಗೆ ನೆನಪಿರಬಹುದು.

ನಮ್ಮ ರಾಜ್ಯದಲ್ಲೇ ಇನ್ನೊಂದು ಪದ್ಧತಿಯೂ ಬೆಳೆಯಿತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಜಾವಾ ಮೋಟಾರ್ ಸೈಕಲ್ ತಯಾರಿಸತೊಡಗಿ, ಮುಂದೆ ಯೆಜ್ಡಿಯನ್ನು ಕೊಟ್ಟು, 1996ರಲ್ಲಿ ಬಾಗಿಲು ಮುಚ್ಚಿತು. ಹಳೆಯ ಜಾವಾದಲ್ಲಿ ಡೈನಮೊ ಇತ್ತು, 6 ವೋಲ್ಟಿನ ಬ್ಯಾಟರಿ ಇತ್ತು, ಕಿಡಿಗೆ ಬ್ಯಾಟರಿಯ ಕರೆಂಟೇ ಬೇಕಿತ್ತು. ಚಾರ್ಜಿಂಗ್ ದೋಷವನ್ನು ಹುಡುಕುವ ವಿದ್ಯೆಯನ್ನು ಎಷ್ಟೋ ಮೇಸ್ತ್ರಿಗಳು ಕಲಿತದ್ದು ಇಂತಹ ಗಾಡಿಗಳಲ್ಲೇ.

ಬಟನ್ ಬಂದ ಮೇಲೆ

ಸ್ಕೂಟರಿನ ಮಟ್ಟಿಗೆ ದೊಡ್ಡ ಬದಲಾವಣೆ ತಂದದ್ದು 1984ರಲ್ಲಿ ಬಂದ ಕೈನೆಟಿಕ್ ಹೋಂಡಾ. ಗೇರಿಲ್ಲ, ಬಟನ್ ಒತ್ತಿದರೆ ಎಂಜಿನ್ ಏಳುತ್ತದೆ. 2000ದಲ್ಲಿ ಹೋಂಡಾ ಆಕ್ಟಿವಾ ಬಂದ ಮೇಲೆ ಈ ಬಗೆಯ ಸ್ಕೂಟರ್ ಮನೆಮನೆಗೆ ತಲುಪಿತು. ಸೀರೆ ಉಟ್ಟ ಶಿಕ್ಷಕಿ, ವಯಸ್ಸಾದ ವ್ಯಾಪಾರಿ, ಎಲ್ಲರಿಗೂ ಕಿಕ್ಕಿನ ಕಷ್ಟ ತಪ್ಪಿತು. ಆದರೆ ಆ ಬಟನ್ನಿನ ಹಿಂದಿನ ಮೋಟಾರಿಗೆ ಒಂದೇ ಕ್ಷಣದಲ್ಲಿ ಭಾರಿ ಕರೆಂಟು ಬೇಕು. ನಿಂತ ಎಂಜಿನ್ ಅದನ್ನು ಕೊಡಲಾರದು, ಬ್ಯಾಟರಿಯೇ ಕೊಡಬೇಕು.

ನಂತರದ ಎರಡು ನಿಯಮಗಳು ಈ ಅವಲಂಬನೆಯನ್ನು ಇನ್ನಷ್ಟು ಹೆಚ್ಚಿಸಿದವು. 2017ರ ಏಪ್ರಿಲ್‌ನಿಂದ ಹೊಸ ದ್ವಿಚಕ್ರ ವಾಹನಗಳ ಹೆಡ್‌ಲೈಟ್ ಎಂಜಿನ್ ಓಡುವಷ್ಟು ಹೊತ್ತೂ ಉರಿಯಬೇಕೆಂದಾಯಿತು. 2020ರ ಏಪ್ರಿಲ್‌ನಲ್ಲಿ ಬಿಎಸ್–6 ನಿಯಮ ಬಂದು, ಸ್ಕೂಟರುಗಳಲ್ಲಿ ಕಾರ್ಬುರೇಟರಿನ ಜಾಗಕ್ಕೆ ವಿದ್ಯುತ್ತಿನಿಂದ ನಡೆಯುವ ಇಂಧನ ಪಂಪು ಮತ್ತು ಇಂಜೆಕ್ಟರ್ ಬಂದವು. ಬ್ಯಾಟರಿ ಪೂರ್ತಿ ಬರಿದಾದರೆ ಇಂತಹ ಗಾಡಿ ಕಿಕ್ಕಿಗೂ ಏಳದಿರಬಹುದು. ಕೆಲವು ಮಾದರಿಗಳಲ್ಲಂತೂ ಕಿಕ್ಕೇ ಇಲ್ಲ.

ಕೆರೆ, ಕಾಲುವೆ, ಕೋಡಿ

ಬಾದಾಮಿಯ ಅಗಸ್ತ್ಯತೀರ್ಥವನ್ನು ನೆನೆಯಿರಿ. ಮಳೆಯ ನೀರು ಬೆಟ್ಟದಿಂದ ಇಳಿದು ಬಾರದಿದ್ದರೆ ಹೊಂಡ ಬತ್ತುತ್ತದೆ. ಅದಕ್ಕೆ ಹೊಂಡವನ್ನು ದೂರಿ ಫಲವೇನು? ಬ್ಯಾಟರಿಯೂ ಒಂದು ಕೆರೆ. ಮ್ಯಾಗ್ನೆಟೊ ಚಕ್ರದೊಳಗಿನ ತಂತಿ ಸುರುಳಿ, ಅಂದರೆ ಸ್ಟೇಟರ್, ಅದರ ನೀರಿನ ಮೂಲ. ಅಲ್ಲಿ ಹುಟ್ಟುವುದು ದಿಕ್ಕು ಬದಲಿಸುತ್ತಲೇ ಇರುವ ಎ.ಸಿ. ಕರೆಂಟು. ಅದನ್ನು ಡಿ.ಸಿ. ಮಾಡಿ, ಹೆಚ್ಚಾದಾಗ ತಡೆಯುವುದು ರೆಕ್ಟಿಫೈಯರ್–ರೆಗ್ಯುಲೇಟರ್ ಎಂಬ ಪುಟ್ಟ ಡಬ್ಬಿ. ಅದು ಕಾಲುವೆಯೂ ಹೌದು, ಕೋಡಿಯೂ ಹೌದು. ಇವುಗಳ ನಡುವೆ ತಂತಿ, ಕಪ್ಲರ್, ಫ್ಯೂಸ್ ಮತ್ತು ಅರ್ಥಿಂಗ್ ಇರುತ್ತವೆ.

ದೋಷ ಎಲ್ಲಿದೆಯೆಂದು ಸಾಮಾನ್ಯ ಮಲ್ಟಿಮೀಟರ್ ಹೇಳುತ್ತದೆ. ಕೆಲವು ತಾಸು ನಿಂತ ಗಾಡಿಯಲ್ಲಿ ತುಂಬಿದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಬೇಕು. 12ಕ್ಕಿಂತ ಕಡಿಮೆಯಿದ್ದರೆ ಅದು ಬರಿದಾಗಿದೆ ಎಂದರ್ಥ. ಆಗ ಹೊರಗಿನ ಚಾರ್ಜರಿನಿಂದ ತುಂಬಿಸಿ, ಎಂಜಿನ್ ನಡೆಸಿ, ಸ್ವಲ್ಪ ಆಕ್ಸಿಲೇಟರ್ ಕೊಟ್ಟು ಮತ್ತೆ ಅಳೆಯಬೇಕು. 13.5ರಿಂದ 14.5ರ ಆಸುಪಾಸಿನಲ್ಲಿದ್ದರೆ ಚಾರ್ಜಿಂಗ್ ಸರಿಯಿದೆ. ಹಾಗಿದ್ದೂ ಮರುದಿನ ಬೆಳಿಗ್ಗೆ ಗಾಡಿ ಏಳದಿದ್ದರೆ ಬ್ಯಾಟರಿಯನ್ನು ಶಂಕಿಸಬಹುದು. ಎಂಜಿನ್ ಓಡುವಾಗಲೂ ಅಂಕಿ ಏರದಿದ್ದರೆ ದೋಷ ಇರುವುದು ಕಾಲುವೆಯಲ್ಲಿ ಅಥವಾ ಮೂಲದಲ್ಲಿ. 15 ದಾಟಿದರೆ ಕೋಡಿ ಕೆಟ್ಟಿದೆ. ಹೊಸ ಬ್ಯಾಟರಿ ಹಾಕಿದರೂ ಅದು ಬೇಗನೆ ಹಾಳಾಗುತ್ತದೆ, ಬಲ್ಬುಗಳೂ ಸುಡುತ್ತವೆ.

ನಮ್ಮ ಸೀಮೆಯ ಬಿಸಿಲು ಬ್ಯಾಟರಿಯ ಆಯುಸ್ಸನ್ನು ತಗ್ಗಿಸುತ್ತದೆ. ರಸ್ತೆಯ ಕುಲುಕಾಟಕ್ಕೆ ತಂತಿಯ ಜೋಡಣೆ ಸಡಿಲವಾಗುತ್ತದೆ. ಮನೆಯಿಂದ ಪೇಟೆಗೆ, ಪೇಟೆಯಿಂದ ಮನೆಗೆ ಎಂಬ ಗಿಡ್ಡ ಓಡಾಟದಲ್ಲಿ ಬಟನ್ ಕುಡಿದಷ್ಟು ಕರೆಂಟು ಮರಳಿ ತುಂಬುವುದಿಲ್ಲ. ಅದರ ಮೇಲೆ ದೊಡ್ಡ ಹಾರ್ನು, ಹೆಚ್ಚಿನ ದೀಪ ಕಟ್ಟಿಸಿದರೆ ಹೊರೆ ಇನ್ನೂ ಹೆಚ್ಚುತ್ತದೆ.

ನನ್ನ ಗಾಡಿಯಲ್ಲಿ ಕೆಟ್ಟಿದ್ದು ಏನು? ಮೇಸ್ತ್ರಿ ರೆಗ್ಯುಲೇಟರಿನ ಕಪ್ಲರ್ ಬಿಚ್ಚಿ ತೋರಿಸಿದರು. ಸಡಿಲವಾಗಿ, ಕಾದು, ಒಂದು ಪಿನ್ನು ಕರಕಲಾಗಿತ್ತು. ಹಿಂದಿನ ಬ್ಯಾಟರಿಯೂ ಬಹುಶಃ ಇದೇ ಕಾರಣಕ್ಕೆ ಬಲಿಯಾಗಿರಬೇಕು. ಕಪ್ಲರ್ ಬದಲಿಸಿ, ಬ್ಯಾಟರಿಯನ್ನು ಚಾರ್ಜಿಗೆ ಹಾಕಿ, ಸಂಜೆಗೆ ಗಾಡಿ ಕೊಟ್ಟರು. ಮೀಟರ್ 14.1 ತೋರಿಸಿತು. ಹೊಸ ಬ್ಯಾಟರಿಯ ದುಡ್ಡು ಜೇಬಿನಲ್ಲೇ ಉಳಿಯಿತು.

ಹಿಂದೆ ಸ್ಕೂಟರ್ ಇಟ್ಟವರ ಡಿಕ್ಕಿಯಲ್ಲಿ ಒಂದು ಪ್ಲಗ್ಗು, ಒಂದು ಪಾನಾ ಇರುತ್ತಿದ್ದವು. ಕಾಲ ಬದಲಾಗಿದೆ. ಮುಂದಿನ ಸಲ ಗಾಡಿ ನಿಂತು ಯಾರಾದರೂ ‘ಬ್ಯಾಟರಿ ಹೋಗಿದೆ’ ಎಂದರೆ, ದುಡ್ಡು ತೆಗೆಯುವ ಮೊದಲು ‘ಎಂಜಿನ್ ಓಡುವಾಗ ಎಷ್ಟು ವೋಲ್ಟ್ ಬರುತ್ತದೆ?’ ಎಂದು ಕೇಳಿ. ಆ ಒಂದು ಪ್ರಶ್ನೆಗೆ ಖರ್ಚೇನೂ ಇಲ್ಲ.